ಅಪ್ಪನ ಕೈಗೆ ಹೊಂದಿದ ಜಾಯ್‌ಸ್ಟಿಕ್

ನವೆಂಬರ್ ಬಂತೆಂದರೆ ದೆಹಲಿ–ಎನ್‌ಸಿಆರ್‌ನಲ್ಲಿರುವ ನಮ್ಮಂಥವರು ಊರಿನಿಂದ ಅಪ್ಪ–ಅಮ್ಮನನ್ನು ಕರೆಸಿಕೊಳ್ಳಲು ಹಿಂದೆಮುಂದೆ ನೋಡುತ್ತೇವೆ. ಗಾಳಿಯ ಗುಣಮಟ್ಟದ ಸೂಚ್ಯಂಕ 400 ದಾಟಿದರೆ ಅದು ‘ತೀವ್ರ’ ವರ್ಗ. ಬೆಳಗಿನ ವಾಕಿಂಗ್ ಬಂದ್, ಬಾಲ್ಕನಿ ಬಾಗಿಲು ಬಂದ್. ಆರ್.ಕೆ. ಪುರಂನ ಕರ್ನಾಟಕ ಸಂಘಕ್ಕೆ ನಾಟಕ ನೋಡಲು ಕರೆದುಕೊಂಡು ಹೋಗೋಣವೆಂದರೂ ಗಂಟಲು ಕೆರೆತ. ಆದರೆ ಕಳೆದ ವರ್ಷ ಅಪ್ಪನನ್ನು ಆ ತಿಂಗಳಲ್ಲೇ ಕರೆಸಬೇಕಾಯಿತು. ಅವರ ಬಲಗೈ ನಡುಗಲು ಶುರುವಾಗಿ ಒಂದೂವರೆ ವರ್ಷವಾಗಿತ್ತು. ಇಲ್ಲಿಯ ತಜ್ಞರಿಗೆ ತೋರಿಸೋಣ ಎಂದು ಹಟ ಹಿಡಿದವನು ನಾನೇ.

ಅಪ್ಪ ಕೆಎಸ್‌ಆರ್‌ಟಿಸಿಯಲ್ಲಿ 31 ವರ್ಷ ಚಾಲಕರಾಗಿದ್ದವರು. ಹೆಚ್ಚಿನ ಕಾಲ ಓಡಿಸಿದ್ದು ಹಾಸನ–ಮಂಗಳೂರು ಮಾರ್ಗ, ಅಂದರೆ ಶಿರಾಡಿ ಘಾಟಿ. ಮಳೆಗಾಲದ ಮಂಜಿನಲ್ಲಿ, ಎದುರಿನಿಂದ ಟ್ಯಾಂಕರ್ ಬರುವ ತಿರುವುಗಳಲ್ಲಿ ಅವರ ಕೈ ಅಲುಗಿದ್ದನ್ನು ಯಾರೂ ನೋಡಿಲ್ಲ. ಅಪಘಾತವಿಲ್ಲದ ಚಾಲನೆಗೆ ಸಿಕ್ಕ ಬೆಳ್ಳಿ ಪದಕ ಈಗಲೂ ಸಕಲೇಶಪುರದ ಮನೆಯ ಷೋಕೇಸಿನಲ್ಲಿದೆ. ಅಂಥ ಕೈ ಈಗ ಕಾಫಿ ಲೋಟ ಹಿಡಿದರೆ ಪಂಚೆಯ ಮೇಲೆ ಚೆಲ್ಲುತ್ತಿತ್ತು. ಬ್ಯಾಂಕಿನಲ್ಲಿ ಸಹಿ ಹೊಂದುತ್ತಿಲ್ಲವೆಂದು ಒಮ್ಮೆ ವಾಪಸ್ ಕಳಿಸಿದ ಮೇಲೆ ಅವರು ಬ್ಯಾಂಕಿಗೆ ಹೋಗುವುದನ್ನೇ ನಿಲ್ಲಿಸಿದ್ದರು. ಸ್ಕೂಟರ್ ಮಾರಿದ್ದರು. ಮದುವೆ ಮನೆಗಳಲ್ಲಿ ಊಟದ ಪಂಕ್ತಿಗೆ ಕೂರುವುದನ್ನೂ ಬಿಟ್ಟಿದ್ದರು.

ಡಾಕ್ಟರು ಪರೀಕ್ಷಿಸಿ, ಇದು ಪಾರ್ಕಿನ್ಸನ್ ಕಾಯಿಲೆಯಲ್ಲ, ಎಸೆನ್ಷಿಯಲ್ ಟ್ರೆಮರ್ ಎಂದರು. ಸುಮ್ಮನೆ ತೊಡೆಯ ಮೇಲಿಟ್ಟ ಕೈ ಅಷ್ಟಾಗಿ ನಡುಗುವುದಿಲ್ಲ. ಏನಾದರೂ ಹಿಡಿಯಲು, ಬರೆಯಲು ಹೋದಾಗ ನಡುಕ ಎದ್ದು ಕಾಣುತ್ತದೆ. ಮಾತ್ರೆ ಕೊಟ್ಟರು, ತಿಂಗಳು ಬಿಟ್ಟು ಬನ್ನಿ ಎಂದರು. ಆ ಒಂದು ತಿಂಗಳು ಇಂದಿರಾಪುರಂನ ಎಂಟನೇ ಮಹಡಿಯ ಫ್ಲ್ಯಾಟಿನಲ್ಲಿ ಅಪ್ಪನಿಗಿದ್ದ ಒಂದೇ ಮನರಂಜನೆ ಎಂದರೆ ಕಿಟಕಿ. ಹತ್ತಿರದಲ್ಲೇ ಹಿಂಡನ್ ವಾಯುನೆಲೆ. ಹೊಗೆಮಂಜಿನ ನಡುವೆ ಸಿ–17 ಗ್ಲೋಬ್‌ಮಾಸ್ಟರ್ ಒಂದು ಗುಡ್ಡದಂತೆ ತೇಲಿ ಬಂದರೆ ಅಪ್ಪ ಎದ್ದು ನಿಂತು ನೋಡುತ್ತಿದ್ದರು. ‘ಇಷ್ಟು ದೊಡ್ಡ ಗಾಡೀನ ಹೆಂಗೆ ಹಿಡೀತಾರೋ’ ಎಂದು ಒಂದು ದಿನ ಕೇಳಿದರು.

ನನ್ನ ಮೇಜಿನ ಮೇಲೆ ಜಾಯ್‌ಸ್ಟಿಕ್ ಇತ್ತು. ನೊಯ್ಡಾ ಸೆಕ್ಟರ್ 62ರ ಕಚೇರಿಯಲ್ಲಿ ಸಾಫ್ಟ್‌ವೇರ್ ಪರೀಕ್ಷೆ ಮಾಡಿ ಸುಸ್ತಾದ ರಾತ್ರಿಗಳಲ್ಲಿ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್‌ನಲ್ಲಿ ವಿಮಾನ ಹಾರಿಸುವುದು ನನ್ನ ಹುಚ್ಚು. ‘ಬನ್ನಿ ಅಪ್ಪ, ನೀವೇ ಹಿಡಿದು ನೋಡಿ’ ಎಂದೆ. ಪುಟ್ಟ ಸೆಸ್ನಾ 172 ವಿಮಾನವನ್ನು ಗಾಳಿಯಲ್ಲಿ ನಿಲ್ಲಿಸಿ ಕೊಟ್ಟೆ. ಅಪ್ಪ ಹಿಡಿದ ಕೂಡಲೇ ವಿಮಾನ ಗಾಳಿಪಟದಂತೆ ಎಡಕ್ಕೂ ಬಲಕ್ಕೂ ಹೊಯ್ದಾಡಿತು. ಎರಡು ನಿಮಿಷ ಒದ್ದಾಡಿ ಅಪ್ಪ ಕೈ ತೆಗೆದು ಶಾಲಿನೊಳಗೆ ಇಟ್ಟುಕೊಂಡರು. ‘ಬಿಡೋ ಮಗಾ, ನನ್ನ ಕೈ ಆಗಲೇ ರಿಟೈರ್ ಆಯ್ತು’ ಎಂದರು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕಚೇರಿಯಲ್ಲಿ ದಿನವೂ ನಾನು ಹೇಳುವ ಮಾತು ಒಂದೇ: ಬಳಸುವವನಿಗೆ ಕಷ್ಟವಾದರೆ ತಪ್ಪು ಬಳಸುವವನದ್ದಲ್ಲ, ಸೆಟ್ಟಿಂಗ್‌ನದ್ದು. ಅಪ್ಪನ ಕೈಗೆ ನಾನು ಕೊಟ್ಟಿದ್ದು ನನ್ನ ಕೈಗೆ ಹೊಂದಿಸಿಕೊಂಡಿದ್ದ ಸೆಟ್ಟಿಂಗ್.

ನಡುಕ ಯಾರದ್ದು?

ಮರುದಿನ ಮೊದಲು ಮಾಡಿದ ಕೆಲಸ, ಆಟವನ್ನು ಮುಚ್ಚಿ ಜಾಯ್‌ಸ್ಟಿಕ್ ಒಂದನ್ನೇ ಪರೀಕ್ಷಿಸಿದ್ದು. ವಿಂಡೋಸ್‌ನ ರನ್ ಪೆಟ್ಟಿಗೆಯಲ್ಲಿ ‘ಜಾಯ್ ಡಾಟ್ ಸಿಪಿಎಲ್’ ಎಂದು ಟೈಪ್ ಮಾಡಿದರೆ ಗೇಮ್ ಕಂಟ್ರೋಲರ್‌ಗಳ ಕಿಟಕಿ ತೆರೆಯುತ್ತದೆ. ಅದರಲ್ಲಿ ಒಂದು ಚೌಕ, ಚೌಕದೊಳಗೆ ಒಂದು ಪುಟ್ಟ ಕೂಡುಗುರುತು. ಸ್ಟಿಕ್ ಎತ್ತ ಬಾಗಿದರೆ ಗುರುತು ಅತ್ತ. ಸೆಟ್ಟಿಂಗ್ ಬದಲಿಸುವ ಮೊದಲು ಯಾರೇ ಆದರೂ ಇಲ್ಲಿ ಎರಡು ನಿಮಿಷ ಕಳೆಯಬೇಕು. ಸ್ಟಿಕ್ಕನ್ನು ಮುಟ್ಟದೆ ಬಿಟ್ಟಾಗಲೂ ಗುರುತು ಅಲುಗಿದರೆ ನಡುಕ ಯಂತ್ರದ್ದು. ಕೈಯಿಟ್ಟಾಗ ಮಾತ್ರ ಅಲುಗಿದರೆ ಕೈಯದ್ದು.

ನನ್ನ ಸ್ಟಿಕ್ಕನ್ನು ಮುಟ್ಟದೆಯೇ ಬಿಟ್ಟೆ. ಎಡ–ಬಲ, ಮುಂದೆ–ಹಿಂದೆಯ ಗುರುತು ನಿಂತಿತ್ತು. ಆದರೆ ಸ್ಟಿಕ್ಕನ್ನು ತಿರುಚಿದಾಗ ವಿಮಾನದ ಬಾಲದ ರಡ್ಡರ್ ತಿರುಗಿಸುವ ಅಕ್ಷದ ಪಟ್ಟಿ ತಾನಾಗಿಯೇ ಕುಣಿಯುತ್ತಿತ್ತು. ಕಾರಣ ಸರಳ. ಇಂಥ ಅಗ್ಗದ ಅಕ್ಷಗಳಲ್ಲಿ ಪೊಟೆನ್ಷಿಯೋಮೀಟರ್ ಇರುತ್ತದೆ, ಹಳೆಯ ರೇಡಿಯೊದ ವಾಲ್ಯೂಮ್ ತಿರುಪಿನಲ್ಲಿದ್ದಂಥದ್ದೇ. ಲೋಹದ ನಾಲಗೆಯೊಂದು ಪಟ್ಟಿಯ ಮೇಲೆ ಉಜ್ಜುತ್ತಾ ಹೋಗುತ್ತದೆ. ಸವೆದರೆ ಅಥವಾ ಧೂಳು ಕೂತರೆ ‘ಗರಗರ’ ಎನ್ನುತ್ತದೆ. ದೆಹಲಿಯ ಧೂಳಿನ ಬಗ್ಗೆ ಹೇಳಬೇಕೆ? ಹಾಲ್ ಎಫೆಕ್ಟ್ ಸಂವೇದಕವಿರುವ ಸ್ಟಿಕ್‌ಗಳಲ್ಲಿ ಅಯಸ್ಕಾಂತದ ಕ್ಷೇತ್ರವನ್ನು ಅಳೆಯುವುದರಿಂದ ಏನೂ ಉಜ್ಜುವುದಿಲ್ಲ, ಈ ತೊಂದರೆಯೂ ಇಲ್ಲ.

ಭಾನುವಾರ ಮೆಟ್ರೊ ಹತ್ತಿ, ಮಂಡಿ ಹೌಸ್‌ನಲ್ಲಿ ಬದಲಿಸಿ ನೆಹರೂ ಪ್ಲೇಸ್‌ಗೆ ಹೋಗಿ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ತಂದೆ. ನಾಲ್ಕು ತಿರುಪು ಬಿಚ್ಚಿ, ಸಿಂಪಡಿಸಿ, ಹತ್ತಾರು ಬಾರಿ ಅತ್ತಿತ್ತ ತಿರುಗಿಸಿದ ಮೇಲೆ ಪಟ್ಟಿ ನಿಂತಿತು. ಅಪ್ಪ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ನೋಡುತ್ತಿದ್ದರು. ‘ಹಂಗಾದ್ರೆ ಮೊನ್ನೆ ಕುಣಿದಿದ್ದು ಎಲ್ಲಾ ನಂದೇ ಅಲ್ಲ’ ಎಂದರು. ಅವರ ದನಿಯಲ್ಲಿ ಎಷ್ಟೋ ದಿನಗಳ ನಂತರ ಒಂದಿಷ್ಟು ಲವಲವಿಕೆ ಕೇಳಿಸಿತು.

ಸ್ಟೇರಿಂಗ್ ‘ಪ್ಲೇ’ ಎಂಬ ಪಾಠ

ಉಳಿದದ್ದು ಕೈಯ ನಡುಕ. ಚೌಕದೊಳಗಿನ ಗುರುತು ನಡುವಿನಿಂದ ಸುಮಾರು ಶೇ 6ರಷ್ಟು ಅತ್ತಿತ್ತ ಹೋಗುತ್ತಿತ್ತು. ನನಗೆ ಮೊದಲು ಹೊಳೆದ ಪರಿಹಾರ ‘ಡೆಡ್ ಝೋನ್’. ನಡುವಿನ ಇಷ್ಟು ಭಾಗದಲ್ಲಿ ಸ್ಟಿಕ್ ಅಲುಗಿದರೂ ಲೆಕ್ಕಕ್ಕೆ ತೆಗೆದುಕೊಳ್ಳಬೇಡ ಎಂದು ಆಟಕ್ಕೆ ಹೇಳುವ ಸೆಟ್ಟಿಂಗ್ ಅದು. ನಡುಕವೆಲ್ಲ ಅದರೊಳಗೇ ಮುಳುಗಲಿ ಎಂದು ಶೇ 20 ಇಟ್ಟೆ.

ವಿಮಾನ ನೇರ ಹೋಗುವಾಗ ಎಲ್ಲ ಶಾಂತ. ತಿರುಗಿಸಲು ಹೋದಾಗ ತೊಂದರೆ. ಸ್ಟಿಕ್ ಬಾಗುತ್ತದೆ, ವಿಮಾನ ಕೇಳುವುದಿಲ್ಲ. ಇನ್ನಷ್ಟು ಬಾಗಿಸಿದರೆ ಥಟ್ಟನೆ ವಾಲುತ್ತದೆ. ಮೇಲಾಗಿ, ವಾಲಿಸುವಾಗ ಸ್ಟಿಕ್ ನಡುವಿನಲ್ಲಿ ಇರುವುದೇ ಇಲ್ಲವಲ್ಲ! ಆಗಿನ ನಡುಕಕ್ಕೆ ಡೆಡ್ ಝೋನ್ ಯಾವ ಕೆಲಸಕ್ಕೂ ಬಾರದು.

ಅಪ್ಪ ಸ್ವಲ್ಪ ಹೊತ್ತು ಆಡಿಸಿ ನೋಡಿ, ‘ಸ್ಟೇರಿಂಗಿಗೆ ಪ್ಲೇ ಜಾಸ್ತಿ ಕೊಟ್ಟಿದೀಯ’ ಎಂದರು. ನಾನು ಬೆರಗಾಗಿ ನೋಡಿದೆ. ಅವರು ಮುಂದುವರಿಸಿದರು: ‘ಬಸ್ಸಿನ ಸ್ಟೇರಿಂಗಲ್ಲಿ ಒಂದಿಷ್ಟು ಪ್ಲೇ ಇರ್ಲೇಬೇಕು. ಇಲ್ದಿದ್ರೆ ರೋಡಿನ ಪ್ರತಿ ಗುಂಡೀನೂ ಕೈಗೆ ಹೊಡೀತದೆ. ಜಾಸ್ತಿ ಆದ್ರೆ ಘಾಟಿ ತಿರುವಲ್ಲಿ ಗಾಡಿ ತಡವಾಗಿ ತಿರುಗ್ತದೆ. ಅಷ್ಟೊತ್ತಿಗೆ ನೀನು ಇನ್ನೊಂದು ಸುತ್ತು ತಿರುಗ್ಸಿರ್ತೀಯ.’

ಡೆಡ್ ಝೋನ್ ಬಗ್ಗೆ ಇಷ್ಟು ಚೆನ್ನಾಗಿ ಯಾರೂ ನನಗೆ ಹೇಳಿರಲಿಲ್ಲ. ಅದನ್ನು ಶೇ 4ಕ್ಕೆ ಇಳಿಸಿದೆ. ಅದು ಯಂತ್ರದ ಸಣ್ಣಪುಟ್ಟ ಅಲುಗಾಟಕ್ಕೆ ಮಾತ್ರ ಸಾಕು.

ಗೆರೆಯನ್ನು ಬಾಗಿಸಿದಾಗ

ಎರಡನೆಯ ಉಪಾಯ ಸೆನ್ಸಿಟಿವಿಟಿ ಗೆರೆ. ಸಿಮ್ಯುಲೇಟರ್‌ನ ಕಂಟ್ರೋಲ್ಸ್ ವಿಭಾಗದಲ್ಲಿ ಜಾಯ್‌ಸ್ಟಿಕ್ಕಿನ ಸೆನ್ಸಿಟಿವಿಟಿ ಪುಟ ತೆರೆದರೆ ಪ್ರತಿ ಅಕ್ಷಕ್ಕೂ ಒಂದು ನಕ್ಷೆ ಕಾಣುತ್ತದೆ. ಅಡ್ಡಕ್ಕೆ, ಕೈ ಎಷ್ಟು ಬಾಗಿಸಿತು ಎಂಬುದು. ಎತ್ತರಕ್ಕೆ, ವಿಮಾನಕ್ಕೆ ಎಷ್ಟು ತಲುಪಿತು ಎಂಬುದು. ಮೊದಲಿಗೆ ಅದು ನೇರ ಗೆರೆ: ಅರ್ಧ ಬಾಗಿಸಿದರೆ ಅರ್ಧ. ಸೆನ್ಸಿಟಿವಿಟಿಯನ್ನು ಸೊನ್ನೆಗಿಂತ ಕೆಳಕ್ಕೆ, ಮೈನಸ್ ಕಡೆಗೆ ಎಳೆದರೆ ಗೆರೆ ನಡುವಿನಲ್ಲಿ ಮಲಗಿ ತುದಿಯಲ್ಲಿ ಏಳುತ್ತದೆ.

ಇದರ ಗುಟ್ಟನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. ಅರ್ಧ ಪಾಲು ನೇರ ಗೆರೆ, ಅರ್ಧ ಪಾಲು ಘನದ ಗೆರೆ ಬೆರೆಸಿದೆವು ಎನ್ನಿ. ಆಗ ಸ್ಟಿಕ್ಕನ್ನು ಶೇ 20 ಬಾಗಿಸಿದರೆ ವಿಮಾನಕ್ಕೆ ಸುಮಾರು ಶೇ 10 ತಲುಪುತ್ತದೆ. ಶೇ 50 ಬಾಗಿಸಿದರೆ ಸುಮಾರು ಶೇ 31. ಪೂರ್ತಿ ಬಾಗಿಸಿದರೆ ಪೂರ್ತಿ 100. ನಡುವಿನ ಶೇ 6ರ ನಡುಕ ವಿಮಾನವನ್ನು ಮುಟ್ಟುವಾಗ ಶೇ 3ಕ್ಕೆ ಇಳಿದಿರುತ್ತದೆ. ಆದರೆ ಬಿಟ್ಟಿ ಏನೂ ಇಲ್ಲ. ಇದೇ ಲೆಕ್ಕದಲ್ಲಿ ತುದಿಯ ಹತ್ತಿರ ಗೆರೆ ಎರಡು ಪಟ್ಟು ಕಡಿದಾಗಿರುತ್ತದೆ, ಅಲ್ಲಿ ಸಣ್ಣ ನಡುಕವೂ ದೊಡ್ಡದಾಗುತ್ತದೆ. ಅಂದರೆ ಸೂಕ್ಷ್ಮತೆ ಕಡಿಮೆಯಾಗುವುದಿಲ್ಲ, ಜಾಗ ಬದಲಿಸುತ್ತದೆ. ಶಾಂತವಾಗಿ ಹಾರುವವನು ತುದಿಗೆ ಹೋಗುವುದೇ ಅಪರೂಪವಾದ್ದರಿಂದ ಈ ವ್ಯಾಪಾರ ಲಾಭದ್ದೇ.

ಮೇಜಿನ ಮೇಲಿನ ಸ್ಟಿಕ್‌ಗೆ ಇದು ಏಕೆ ಬೇಕು ಎಂದರೆ, ನಿಜವಾದ ಸೆಸ್ನಾದ ಯೋಕ್ ತುಂಬ ಉದ್ದಕ್ಕೆ ಚಲಿಸುತ್ತದೆ, ವೇಗ ಹೆಚ್ಚಿದಂತೆ ಗಾಳಿಯ ಒತ್ತಡದಿಂದ ಗಟ್ಟಿಯಾಗುತ್ತದೆ. ನಮ್ಮ ಪುಟ್ಟ ಸ್ಟಿಕ್ಕಿಗೆ ಇರುವುದು ಕೆಲವೇ ಬೆರಳಗಲದ ಓಟ, ಮತ್ತು ಯಾವಾಗಲೂ ಒಂದೇ ಬಿಗಿಯ ಸ್ಪ್ರಿಂಗ್. ಗಾಳಿ ಕೊಡಬೇಕಾದ ಹಿಡಿತವನ್ನು ಗೆರೆ ಬಾಗಿಸಿ ನಾವೇ ಕೊಡಬೇಕು. ‘ಪವರ್ ಸ್ಟೇರಿಂಗ್ ಬರೋ ಮುಂಚಿನ ಬಸ್ಸೇ ನನಗೆ ವಾಸಿ ಅನ್ನಿಸ್ತಿತ್ತು, ಕೈಗೆ ಭಾರ ಸಿಗ್ತಿತ್ತು’ ಎಂದರು ಅಪ್ಪ.

ತಡವಾದರೂ ತಪ್ಪು

ಗೆರೆಯಿಂದ ನಡುಕ ಅರ್ಧವಾಯಿತು, ಹೋಗಲಿಲ್ಲ. ಆಗ ಕಣ್ಣಿಗೆ ಬಿದ್ದದ್ದು ‘ರಿಯಾಕ್ಟಿವಿಟಿ’. ಸ್ಟಿಕ್ಕಿನ ಚಲನೆಗೆ ಆಟ ಎಷ್ಟು ಚುರುಕಾಗಿ ಸ್ಪಂದಿಸಬೇಕು ಎಂಬ ಸೆಟ್ಟಿಂಗ್ ಇದು. ಕಡಿಮೆ ಮಾಡಿದರೆ ವೇಗದ ಅಲುಗಾಟಗಳು ನುಣುಪಾಗುತ್ತವೆ. ಅಪ್ಪನ ನಡುಕ ಸೆಕೆಂಡಿಗೆ ಹಲವು ಬಾರಿ. ಬೇಕೆಂದೇ ಮಾಡುವ ಚಲನೆ ನಿಧಾನ. ಜರಡಿ ಹಿಡಿದಂತೆ ಒಂದನ್ನು ಬಿಟ್ಟು ಇನ್ನೊಂದನ್ನು ತಡೆಯಬಹುದು ಎಂದು ಖುಷಿಯಾಗಿ ನೂರರಿಂದ ಮೂವತ್ತಕ್ಕೆ ಇಳಿಸಿದೆ.

ನಡುಕ ಪೂರ್ತಿ ಮಾಯ. ಆದರೆ ವಿಮಾನ ಈಗ ಉಯ್ಯಾಲೆಯಾಯಿತು. ಅಪ್ಪ ಎಡಕ್ಕೆ ಬಾಗಿಸುತ್ತಾರೆ, ತಕ್ಷಣ ಏನೂ ಆಗದು, ಇನ್ನಷ್ಟು ಬಾಗಿಸುತ್ತಾರೆ, ಅಷ್ಟರಲ್ಲಿ ಎರಡೂ ಒಟ್ಟಿಗೆ ಬಂದು ವಿಮಾನ ಅತಿಯಾಗಿ ವಾಲುತ್ತದೆ, ಗಾಬರಿಯಿಂದ ಬಲಕ್ಕೆ. ಅವರೇ ಹೇಳಿದ್ದ ಘಾಟಿ ತಿರುವಿನ ಕಥೆ.

ಈ ತಲೆನೋವು ಆಟದ ಸ್ಟಿಕ್ಕಿನದ್ದಷ್ಟೇ ಅಲ್ಲ. 1974ರ ಜನವರಿ 20ರಂದು ಅಮೆರಿಕದ ಎಡ್ವರ್ಡ್ಸ್ ವಾಯುನೆಲೆಯಲ್ಲಿ ಎಫ್–16ರ ಮೊದಲ ಮಾದರಿಯನ್ನು ರನ್‌ವೇ ಮೇಲೆ ಓಡಿಸಿ ನೋಡುವ ಪರೀಕ್ಷೆಯಿತ್ತು. ಹಾರಿಸುವ ಉದ್ದೇಶವೇ ಇರಲಿಲ್ಲ. ಅದರ ಸ್ಟಿಕ್ ಅಲುಗುತ್ತಲೇ ಇರಲಿಲ್ಲ, ಕೈಯ ಒತ್ತಡವನ್ನಷ್ಟೇ ಅಳೆಯುತ್ತಿತ್ತು. ಎಡ–ಬಲ ವಾಲಿಸುವ ಸೂಕ್ಷ್ಮತೆಯನ್ನು ಅತಿಯಾಗಿ ಇಟ್ಟಿದ್ದರಿಂದ ಪೈಲಟ್ ಫಿಲ್ ಓಸ್ಟ್ರಿಚರ್ ಸರಿಪಡಿಸಲು ಹೋದಷ್ಟೂ ವಿಮಾನ ಅತ್ತಿತ್ತ ಹೊಯ್ದಾಡಿ, ಬಾಲದ ರೆಕ್ಕೆ ನೆಲಕ್ಕೆ ಉಜ್ಜಿತು. ನೆಲದ ಮೇಲಿದ್ದರೆ ಅಪಾಯವೆಂದು ಅವರು ಹಾರಿಸಿಯೇ ಬಿಟ್ಟರು. ಸುಮಾರು ಆರು ನಿಮಿಷ ಹಾರಿ ಕ್ಷೇಮವಾಗಿ ಇಳಿಸಿದರು. ಆಮೇಲೆ ಆ ಸೂಕ್ಷ್ಮತೆಯನ್ನು ತಗ್ಗಿಸಲಾಯಿತು. ಮುಂದೆ ಎಫ್–16ರ ಸ್ಟಿಕ್ಕಿಗೆ ಒಂದಿಷ್ಟು ಚಲನೆಯನ್ನೂ ಕೊಟ್ಟರು. ಏನೂ ಅಲುಗದ ಕೋಲನ್ನು ಹಿಡಿದರೆ ಎಷ್ಟು ಒತ್ತಿದೆ ಎಂಬುದು ಕೈಗೇ ಗೊತ್ತಾಗುವುದಿಲ್ಲ.

ನಮ್ಮ ಬೆಂಗಳೂರಿನ ತೇಜಸ್ ಕಥೆಯೂ ಇದೇ ಜಾತಿಯದ್ದು. ಅದು ತಾನಾಗಿ ಸ್ಥಿರವಾಗಿ ನಿಲ್ಲದ ವಿಮಾನ. ಪೈಲಟ್ ಸ್ಟಿಕ್ ಬಾಗಿಸಿದ್ದನ್ನು ರೆಕ್ಕೆಗೆ ಹೇಗೆ, ಎಷ್ಟು ಮುಟ್ಟಿಸಬೇಕೆಂದು ಕಂಪ್ಯೂಟರ್ ನಿರ್ಧರಿಸುತ್ತದೆ. ಆ ನಿಯಮಗಳಿಗೆ ‘ಕಂಟ್ರೋಲ್ ಲಾ’ ಎನ್ನುತ್ತಾರೆ. 1998ರ ಪೋಖ್ರಾನ್ ಪರೀಕ್ಷೆಯ ನಂತರ ಅಮೆರಿಕ ನಿರ್ಬಂಧ ಹೇರಿ ನೆರವು ನಿಲ್ಲಿಸಿದಾಗ, ಎನ್‌ಎಎಲ್‌ನಲ್ಲಿದ್ದ ಕಂಟ್ರೋಲ್ ಲಾ ತಂಡ ಆ ಕೆಲಸವನ್ನು ಇಲ್ಲಿಯೇ ಮುಗಿಸಿತು. ಸಿಮ್ಯುಲೇಟರ್‌ಗಳಲ್ಲಿ ಪೈಲಟ್‌ಗಳನ್ನು ಕೂರಿಸಿ ಮತ್ತೆ ಮತ್ತೆ ಪರೀಕ್ಷಿಸಿದ ಮೇಲೆ, 2001ರ ಜನವರಿ 4ರಂದು ವಿಂಗ್ ಕಮಾಂಡರ್ ರಾಜೀವ್ ಕೋಥಿಯಾಲ್ ಬೆಂಗಳೂರಿನಲ್ಲಿ ಅದನ್ನು ಮೊದಲ ಬಾರಿಗೆ ಹಾರಿಸಿದರು. 2017ರ ಗಣರಾಜ್ಯೋತ್ಸವದಂದು ತೇಜಸ್ ರಾಜಪಥದ ಮೇಲೆ ಹಾರಿದಾಗ ಚಪ್ಪಾಳೆ ತಟ್ಟಿದ ದೆಹಲಿ ಕನ್ನಡಿಗರಲ್ಲಿ ನಾನೂ ಒಬ್ಬ. ಕೈಗೂ ರೆಕ್ಕೆಗೂ ನಡುವೆ ಇಷ್ಟು ಕೆಲಸವಿದೆ ಎಂದು ಅಂದು ನನಗೆ ಗೊತ್ತಿರಲಿಲ್ಲ.

ಕೊನೆಗೆ ಹೊಂದಿದ ಅಂಕಿಗಳು

ಹತ್ತು ದಿನಗಳ ಪ್ರಯೋಗದ ನಂತರ ಅಪ್ಪನಿಗೆ ಹೊಂದಿದ್ದು ಇಷ್ಟು: ಡೆಡ್ ಝೋನ್ 4, ಸೆನ್ಸಿಟಿವಿಟಿ ಮೈನಸ್ 45, ರಿಯಾಕ್ಟಿವಿಟಿ 75. ನಿಮಗೆ ಇದೇ ಹೊಂದಬೇಕೆಂದಿಲ್ಲ; ಹೊಂದಿಸುವ ಕ್ರಮ ಮುಖ್ಯ. ಮೊದಲು ಯಂತ್ರದ ನಡುಕ ಪರೀಕ್ಷಿಸಿ. ಡೆಡ್ ಝೋನ್ ಸಾಧ್ಯವಾದಷ್ಟು ಕಡಿಮೆ ಇರಲಿ. ಸೆನ್ಸಿಟಿವಿಟಿಯನ್ನು ಹತ್ತು ಹತ್ತಾಗಿ ಇಳಿಸುತ್ತಾ, ಪ್ರತಿ ಬಾರಿಯೂ ಐದು ನಿಮಿಷ ಹಾರಿಸಿ ನೋಡಿ. ಒಂದು ಸಲಕ್ಕೆ ಒಂದೇ ಅಂಕಿ ಬದಲಿಸಿ, ಇಲ್ಲದಿದ್ದರೆ ಯಾವುದು ಏನು ಮಾಡಿತೆಂದು ತಿಳಿಯದು. ರಿಯಾಕ್ಟಿವಿಟಿಯನ್ನು ಕೊನೆಗೆ, ಅದೂ ಕೊಂಚವೇ ಮುಟ್ಟಿ. ಹೊಂದಿದ ಮೇಲೆ ಬೇರೆ ಹೆಸರಿನ ಪ್ರೊಫೈಲ್ ಆಗಿ ಉಳಿಸಿ. ನನ್ನ ಕಂಪ್ಯೂಟರ್‌ನಲ್ಲಿ ಈಗ ಎರಡಿವೆ, ಒಂದರ ಹೆಸರು ‘ಅಪ್ಪ’. ಎಕ್ಸ್–ಪ್ಲೇನ್‌ನಲ್ಲೂ ಇಂಥ ಗೆರೆಗಳಿವೆ. ಹಳೆಯ ಲ್ಯಾಪ್‌ಟಾಪ್ ಇದ್ದವರು ಉಚಿತವಾಗಿ ಸಿಗುವ ಫ್ಲೈಟ್‌ಗೇರ್ ನೋಡಬಹುದು.

ಅಂಕಿಗಳಿಗಿಂತ ಹೆಚ್ಚು ನೆರವಾದದ್ದು ಎರಡು. ಒಂದು, ಮೊಣಕೈ ಕೆಳಗೊಂದು ದಿಂಬು. ಆಸರೆ ಸಿಕ್ಕ ಕೈ ಕಡಿಮೆ ನಡುಗಿತು. ಇನ್ನೊಂದು, ಟ್ರಿಮ್. ವಿಮಾನ ಮಟ್ಟವಾದ ಮೇಲೆ ಟ್ರಿಮ್ ಸರಿಮಾಡಿದರೆ ಸ್ಟಿಕ್ಕನ್ನು ಒತ್ತಿ ಹಿಡಿಯಬೇಕಿಲ್ಲ, ಬೆರಳಿಟ್ಟರೆ ಸಾಕು. ಬಿಗಿ ಹಿಡಿದಷ್ಟೂ ಕೈ ನಡುಗುತ್ತದೆ ಎಂಬುದು ಅಪ್ಪನಿಗೆ ಅಲ್ಲಿಯೇ ತಿಳಿದದ್ದು. ಬಸ್ಸಿನ ಅಭ್ಯಾಸದಿಂದ ಅವರು ತಿರುವು ಮುಗಿಯುವವರೆಗೆ ಸ್ಟಿಕ್ಕನ್ನು ಬಾಗಿಸಿಯೇ ಹಿಡಿಯುತ್ತಿದ್ದರು, ವಿಮಾನ ವಾಲುತ್ತಲೇ ಹೋಗುತ್ತಿತ್ತು. ಬೇಕಾದಷ್ಟು ವಾಲಿಸಿ ನಡುವಿಗೆ ತಂದುಬಿಡಬೇಕು, ವಿಮಾನ ಹಾಗೇ ತಿರುಗುತ್ತಿರುತ್ತದೆ ಎಂದು ಕಲಿಯಲು ಮೂರು ದಿನ ಬೇಕಾಯಿತು.

ಒಂದು ಮಾತು ಸ್ಪಷ್ಟವಾಗಿರಲಿ: ಇದು ಚಿಕಿತ್ಸೆಯಲ್ಲ. ಡಾಕ್ಟರು ಕೊಟ್ಟ ಮಾತ್ರೆ ನಡೆಯುತ್ತಿದೆ, ನಡುಕವೂ ಇದೆ.

ಘಾಟಿಯ ಮೇಲೆ

ಊರಿಗೆ ಹೊರಡುವ ಹಿಂದಿನ ದಿನ ಅಪ್ಪ ತಾವಾಗಿಯೇ ಕೇಳಿದರು, ‘ನಮ್ಮ ರೂಟಲ್ಲಿ ಹೋಗಬಹುದಾ?’ ಮಂಗಳೂರು ವಿಮಾನ ನಿಲ್ದಾಣದ 2,450 ಮೀಟರ್ ರನ್‌ವೇಯಿಂದ, ಗುಡ್ಡದ ನೆತ್ತಿ ಸವರಿದಂತಿರುವ ಆ ಜಾಗದಿಂದ, ನಾನೇ ವಿಮಾನ ಏರಿಸಿ ಅವರಿಗೆ ಕೊಟ್ಟೆ. ಹವಾಮಾನ ನಿರ್ಮಲವಾಗಿರಲಿ, ಹೊತ್ತು ಬೆಳಗಿನ ಎಂಟು ಎಂದು ಇಟ್ಟಿದ್ದೆ. ಹೊರಗೆ ಎದುರಿನ ಟವರ್ ಕೂಡ ಕಾಣದ ಹೊಗೆ. ಪರದೆಯ ಮೇಲೆ ನೇತ್ರಾವತಿ.

ಅಪ್ಪನಿಗೆ ನಕ್ಷೆ ಬೇಕಾಗಲಿಲ್ಲ. ಬಂಟ್ವಾಳ, ಬಿ.ಸಿ. ರೋಡ್ ಸೇತುವೆ, ಮುಂದೆ ಉಪ್ಪಿನಂಗಡಿಯಲ್ಲಿ ಕುಮಾರಧಾರಾ ಬಂದು ಸೇರುವ ಜಾಗ, ಎಲ್ಲವನ್ನೂ ಅವರೇ ಹೇಳುತ್ತಾ ಹೋದರು. ನೆಲ್ಯಾಡಿ ದಾಟಿ ಗುಂಡ್ಯ ಬಂದಾಗ ‘ಇಲ್ಲಿ ಗೇರ್ ಇಳಿಸ್ಬೇಕಿತ್ತು’ ಎಂದು ನಕ್ಕರು. ವಿಮಾನ 6,000 ಅಡಿಯಲ್ಲಿತ್ತು. ಸ್ವಲ್ಪ ಅಲುಗುತ್ತಿತ್ತು, ಆದರೆ ಅವರು ಹೇಳಿದ ಕಡೆಗೇ ಹೋಗುತ್ತಿತ್ತು. ಬಸ್ಸಿನಲ್ಲಿ ಮೂರೂವರೆ ಗಂಟೆ ಹಿಡಿಯುತ್ತಿದ್ದ ದಾರಿ ಅರ್ಧ ಗಂಟೆಯಲ್ಲಿ ಮುಗಿಯಿತು.

ದೋಣಿಗಾಲ್ ಬಳಿ ‘ಕೆಳಗೆ ನೋಡಿ’ ಎಂದೆ. ಟಿಪ್ಪು ಸುಲ್ತಾನ್ 1792ರಲ್ಲಿ ಕಟ್ಟಿಸಿದ ಮಂಜರಾಬಾದ್ ಕೋಟೆ ಎಂಟು ಮೂಲೆಗಳ ನಕ್ಷತ್ರದ ಆಕಾರದ್ದು. ಹೆದ್ದಾರಿಯ ಪಕ್ಕದಲ್ಲೇ ಇದೆ. ಅಪ್ಪ ಅದರ ಕೆಳಗೆ ಸಾವಿರಾರು ಬಾರಿ ಬಸ್ ಓಡಿಸಿದ್ದಾರೆ. ರಸ್ತೆಯಿಂದ ಅದು ಗುಡ್ಡದ ಮೇಲಿನ ಬರೀ ಕಲ್ಲುಗೋಡೆ. ಅಪ್ಪ ಸ್ಟಿಕ್ಕನ್ನು ಎಡಕ್ಕೆ ಮೆಲ್ಲನೆ ಬಾಗಿಸಿ, ನಡುವಿಗೆ ತಂದು ಬಿಟ್ಟರು. ರೆಕ್ಕೆ ವಾಲಿ ನಕ್ಷತ್ರ ಪೂರ್ತಿ ಕಾಣಿಸಿತು. ಅವರು ಮಾತಾಡಲಿಲ್ಲ. ಅದರ ಸುತ್ತ ಇನ್ನೊಂದು ಸುತ್ತು ಹಾಕಿದರು.

ಅಷ್ಟರಲ್ಲಿ ಅಮ್ಮ ಕಾಫಿ ತಂದಿಟ್ಟರು. ಅಪ್ಪನ ಲೋಟದಲ್ಲಿ ಅರ್ಧವೇ ಇತ್ತು. ಮಿಕ್ಕ ಅರ್ಧ ಆಮೇಲೆ ಬಿಸಿಯಾಗಿ ಬರುತ್ತದೆ. ಒಂದೂವರೆ ವರ್ಷದಿಂದ ಅವರು ಹಾಗೆಯೇ ಕೊಡುತ್ತಿದ್ದಾರಂತೆ, ಯಾರಿಗೂ ಹೇಳದೆ. ನಾನು ಹತ್ತು ದಿನ ಒದ್ದಾಡಿ ಕಂಡುಕೊಂಡಿದ್ದನ್ನು ಅವರು ಮೊದಲ ವಾರವೇ ಕಂಡುಕೊಂಡಿದ್ದರು.

ಅಪ್ಪ ಊರಿಗೆ ಹೋಗಿ ತಿಂಗಳಾದ ಮೇಲೆ ಫೋನ್ ಮಾಡಿದರು. ಬ್ಯಾಂಕಿಗೆ ಹೋಗಿ ಹೊಸ ಸಹಿಯ ಮಾದರಿ ಕೊಟ್ಟು ಬಂದಿದ್ದರು. ಮೊಣಕೈಯನ್ನು ಮೇಜಿನ ಮೇಲೆ ಊರಿ, ಪೆನ್ನನ್ನು ಸಡಿಲವಾಗಿ ಹಿಡಿದು, ನಿಧಾನವಾಗಿ ಬರೆದರಂತೆ. ‘ಸ್ವಲ್ಪ ಅಲುಗಾಡಿತು. ಆದ್ರೆ ಗೆರೆ ಬಿಟ್ಟು ಆಚೆ ಹೋಗ್ಲಿಲ್ಲ’ ಎಂದರು.